‘ಸೀಸನ್ ಆದ ತೇಗ’ ಎಂಬ ಒಂದು ಮಾತಿಗೆ 19,700 ರೂಪಾಯಿ ತೆತ್ತೆ

ಮೊದಲೇ ಹೇಳಿಬಿಡುತ್ತೇನೆ, ತಪ್ಪಿನಲ್ಲಿ ಅರ್ಧ ಪಾಲು ನನ್ನದು. ಆದರೆ ಉಳಿದರ್ಧದ ಪಾಲುದಾರ ಇವತ್ತೂ ಅದೇ ಮರದ ಅಂಗಡಿಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತಿದ್ದಾನೆ, ಇವತ್ತೂ ಯಾರಿಗೋ ‘ಸೀಸನ್ ಆದ ತೇಗ ಸರ್, ಕಣ್ಣು ಮುಚ್ಚಿ ತೆಗೆದುಕೊಂಡು ಹೋಗಿ’ ಎನ್ನುತ್ತಿದ್ದಾನೆ. ಸೀಸನ್ ಆದದ್ದು ಎಂದರೆ ಹದವಾಗಿ ಒಣಗಿಸಿದ ಮರ. ನಾನು ನಿಜಕ್ಕೂ ಕಣ್ಣು ಮುಚ್ಚಿಯೇ ತೆಗೆದುಕೊಂಡು ಬಂದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಬಡಗಿಯಲ್ಲ. ವಾರವಿಡೀ ಕಚೇರಿ, ಭಾನುವಾರ ತಾರಸಿಯ ತಗಡಿನ ಮಾಡಿನ ಕೆಳಗೆ ಮರಗೆಲಸ. ನಾಲ್ಕು ವರ್ಷಗಳಿಂದ ಎರಡು ಸ್ಟೂಲುಗಳ ಮೇಲೆ ಪ್ಲೈವುಡ್ ಹಾಸಿಕೊಂಡು ಕೆಲಸ ಮಾಡುತ್ತಿದ್ದೆ. ಮರದ ಮೈ ಹೆರೆದು ನುಣುಪು ಮಾಡುವ ತೋಪಡ ಹೊಡೆದರೆ ಇಡೀ ಸಂಸಾರವೇ ಮುಂದಕ್ಕೆ ಜರುಗುತ್ತಿತ್ತು, ಉಳಿಗೆ ಕೊಡತಿಯಿಂದ ಬಡಿದರೆ ಎಲ್ಲವೂ ಕುಣಿಯುತ್ತಿತ್ತು. ಕೆಲಸಕ್ಕೆ ಒಂದು ಗಟ್ಟಿ ಮೇಜು ಬೇಕು, ಆರು ಅಡಿ ಉದ್ದ, ಎರಡು ಅಡಿ ಅಗಲ, ಮೂರು ಇಂಚು ದಪ್ಪದ ಹಲಗೆ, ಬದಿಗೆ ಮರವನ್ನು ಕಚ್ಚಿ ಹಿಡಿಯುವ ಒಂದು ವೈಸ್. ಇಷ್ಟೇ ಆಸೆ. ಇದಕ್ಕೆ ತೇಗವೇ ಬೇಕಿರಲಿಲ್ಲ ಎಂದು ಈಗ ಎಲ್ಲರೂ ಹೇಳುತ್ತಾರೆ. ಆಗ ಯಾರೂ ಹೇಳಲಿಲ್ಲ, ಏಕೆಂದರೆ ನಾನು ಯಾರನ್ನೂ ಕೇಳಲಿಲ್ಲ.

ಫೆಬ್ರುವರಿಯ ಒಂದು ಶನಿವಾರ ಆ ಅಂಗಡಿಗೆ ಹೋದೆ. ಊರಿನ ಹೊರವಲಯ, ದೊಡ್ಡ ಅಂಗಳ, ದಿಮ್ಮಿಗಳ ರಾಶಿ, ಹಿಂದೆ ಗರಗಸದ ಯಂತ್ರದ ಸದ್ದು. ಮೂರು ಇಂಚಿನ ಹಲಗೆ ಕೇಳಿದೆ. ಗೋಡೆಗೆ ಒರಗಿಸಿದ್ದ, ಕೆಂಪಗೆ ಹೊಳೆಯುತ್ತಿದ್ದ ಹಲಗೆಗಳನ್ನು ತೋರಿಸಿದ. ‘ಬರ್ಮಾ ತೇಗ ಸರ್. ದಿಮ್ಮಿಯೇ ತರಿಸಿದ್ದು, ಹೋದ ವರ್ಷ ಬಂದದ್ದು, ನಾವೇ ಸೀಳಿಸಿದ್ದು.’ ನಾನು ತಲೆಯಾಡಿಸಿದೆ. ಬರ್ಮಾ, ಅಂದರೆ ಈಗಿನ ಮ್ಯಾನ್ಮಾರ್, 2014ರ ಏಪ್ರಿಲ್‌ನಿಂದಲೇ ದಿಮ್ಮಿಗಳ ರಫ್ತನ್ನು ನಿಷೇಧಿಸಿದೆ ಎಂಬುದು ನನಗೆ ಗೊತ್ತಾದದ್ದು ಹಣ ಹೋದ ಮೇಲೆ. ಗೊತ್ತಿಲ್ಲದಿದ್ದರೂ, ಘನ ಅಡಿಗೆ 4,200 ರೂಪಾಯಿಗೆ ಯಾರಾದರೂ ಬರ್ಮಾ ತೇಗ ಕೊಡುತ್ತಾರೆಯೇ ಎಂದು ಒಂದು ಕ್ಷಣ ಯೋಚಿಸಬಹುದಿತ್ತು. ಯೋಚಿಸಲಿಲ್ಲ. ಅಗ್ಗಕ್ಕೆ ಸಿಕ್ಕಿತು ಎಂದು ಒಳಗೊಳಗೇ ಹಿಗ್ಗಿದೆ. ಅವನನ್ನು ನಾನೇ ಬೇಸ್ತು ಬೀಳಿಸುತ್ತಿದ್ದೇನೆ ಎಂಬ ಹಿಗ್ಗು ಅದು, ನೆನೆದರೆ ಈಗಲೂ ಮೈ ಉರಿಯುತ್ತದೆ.

‘ಒಣಗಿದೆಯೇ?’ ಎಂದು ಕೇಳಿದೆ. ಕೇಳಿದ್ದೇನೋ ಕೇಳಿದೆ. ಆತ ಜೇಬಿನಿಂದ ಹಳದಿ ಬಣ್ಣದ ತೇವಾಂಶ ಅಳೆಯುವ ಮೀಟರ್ ತೆಗೆದು, ಅದರ ಎರಡು ಸೂಜಿಗಳನ್ನು ಹಲಗೆಯ ಮೈಗೆ ಒತ್ತಿದ. 11 ಎಂದು ತೋರಿಸಿತು. ಮನೆಯೊಳಗಿನ ಪೀಠೋಪಕರಣಕ್ಕೆ ಶೇಕಡ 10ರಿಂದ 12 ಇದ್ದರೆ ಸರಿ ಎಂದು ಓದಿಕೊಂಡಿದ್ದೆ. ‘ಸೀಸನ್ ಆದ ಮರ ಸರ್, ಇನ್ನೇನು ಬೇಕು?’ ಎಂದ.

ನನ್ನ ಬಳಿಯೂ ಅಂಥದೇ ಮೀಟರ್ ಇತ್ತು. ಹೆಗಲ ಚೀಲದಲ್ಲೇ ಇತ್ತು. ಅದಕ್ಕಾಗಿಯೇ ಒಯ್ದಿದ್ದೆ. ಆದರೆ ಆತ ಅಷ್ಟು ಧೈರ್ಯವಾಗಿ ತೋರಿಸಿದ ಮೇಲೆ ನನ್ನದನ್ನು ತೆಗೆದರೆ ಅವಮಾನ ಮಾಡಿದಂತೆ ಆಗುತ್ತದೇನೋ ಎಂಬ ಸಂಕೋಚ. ಚಹಾ ಬೇರೆ ತರಿಸಿದ್ದ. ಚಹಾ ಕುಡಿದೆ, ಚೀಲದ ಜಿಪ್ ತೆಗೆಯಲಿಲ್ಲ. ಈ ಇಡೀ ವ್ಯವಹಾರದಲ್ಲಿ ನನಗೆ ಅತ್ಯಂತ ನಾಚಿಕೆ ತರುವುದು ಇದೇ.

ತೆಗೆದಿದ್ದರೂ ಪ್ರಯೋಜನವಿರಲಿಲ್ಲ ಎಂಬುದು ಬೇರೆ ಮಾತು. ಆ ಸೂಜಿಗಳು ಒಳಗೆ ಇಳಿಯುವುದೇ ಕೆಲವು ಮಿಲಿಮೀಟರ್. ಹಸಿ ಹಲಗೆಯನ್ನು ಹತ್ತು ಹದಿನೈದು ದಿನ ಬಿಸಿಲಿಗೆ ಒರಗಿಸಿದರೆ ಮೇಲಿನ ಚರ್ಮ ಒಣಗುತ್ತದೆ, ಮೂರು ಇಂಚಿನ ಹಲಗೆಯ ಹೊಟ್ಟೆ ಹಸಿಯಾಗಿಯೇ ಇರುತ್ತದೆ. ನೆರಳಿನಲ್ಲಿ ಒಣಗಿಸುವುದಾದರೆ ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಹಳಬರ ಲೆಕ್ಕ. ಹೋದ ವರ್ಷ ಬಂದ ದಿಮ್ಮಿಯಿಂದ ಸೀಳಿದ ಮೂರು ಇಂಚಿನ ಹಲಗೆ ಈ ಫೆಬ್ರುವರಿಗೆ ಒಣಗಿರುವುದು ಹೇಗೆ ಸಾಧ್ಯ? ಅವನ ಎರಡು ಸುಳ್ಳುಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ನಾನು ಎರಡನ್ನೂ ನಂಬಿದೆ.

ಲೆಕ್ಕ ಹೀಗೆ ಹಾಕಿದ. ಮೂರು ಇಂಚು ದಪ್ಪ, ಎಂಟು ಇಂಚು ಅಗಲ, ಆರು ಅಡಿ ಉದ್ದ, ಗುಣಿಸಿ 144ರಿಂದ ಭಾಗಿಸಿದರೆ ಸರಿಯಾಗಿ ಒಂದು ಘನ ಅಡಿ. ಅಂಥ ಮೂರು ಹಲಗೆ. ಕಾಲುಗಳಿಗೆ ನಾಲ್ಕು ಇಂಚು ಚೌಕದ ಹನ್ನೆರಡು ಅಡಿ, ಅದು ಒಂದೂ ಮೂರನೇ ಒಂದು ಘನ ಅಡಿ. ಒಟ್ಟು 18,200. ಸಾಗಾಟ, ಕೂಲಿ 1,500. ‘ಬಿಲ್ ಬೇಕಾದರೆ ಶೇಕಡ 18 ಜಿಎಸ್‌ಟಿ ಸೇರುತ್ತದೆ, ನಿಮಗೇಕೆ ಸರ್ ಸುಮ್ಮನೆ?’ ಎಂದ. ನನಗೂ ಏಕೆ ಸುಮ್ಮನೆ ಎನಿಸಿತು. ಹಾಳೆಯ ಚೂರಿನ ಮೇಲೆ ಪೆನ್ಸಿಲ್‌ನಲ್ಲಿ ಬರೆದ ಲೆಕ್ಕ, ಕೆಳಗೆ ಅಂಗಡಿಯ ಹೆಸರೂ ಇಲ್ಲ. ಅದೇ ನನ್ನ ರಸೀದಿ.

ಮನೆಗೆ ತಂದು ಅಳೆದರೆ ದಪ್ಪ ಎರಡೂಮುಕ್ಕಾಲು ಇಂಚು, ಅಗಲ ಏಳೂವರೆ. ಗರಗಸದ ಬಾಯಿಗೆ ಹೋದದ್ದನ್ನೂ ನನ್ನ ಲೆಕ್ಕಕ್ಕೇ ಬರೆದಿದ್ದ. ಮೂರು ಘನ ಅಡಿಗೆ ಹಣ ಕೊಟ್ಟು ತಂದದ್ದು ಸುಮಾರು 2.58. ಫೋನ್ ಮಾಡಿದೆ. ‘ಅದು ಎಲ್ಲ ಕಡೆಯೂ ಹಾಗೇ ಸರ್, ಸೀಳುವ ಮೊದಲಿನ ಅಳತೆ’ ಎಂದ. ಎಲ್ಲ ಕಡೆಯೂ ಹಾಗೇ ಇರಬಹುದು, ವಾದಿಸಲಿಲ್ಲ. ಆದರೆ ಹಣ ಎಣಿಸಿಕೊಳ್ಳುವ ಮೊದಲೇ ಅದನ್ನು ಹೇಳಲು ಬಾಯಿ ಇರಲಿಲ್ಲವೇ?

ಇನ್ನೊಂದು ಸೂಚನೆ ಅಂದೇ ಸಿಕ್ಕಿತ್ತು. ಒಣಗಿದ ತೇಗ ಘನ ಅಡಿಗೆ ಹದಿನೆಂಟು ಹತ್ತೊಂಬತ್ತು ಕಿಲೋ ತೂಗುತ್ತದೆ. ನನ್ನ ಒಂದೊಂದು ಹಲಗೆ ಹದಿನಾರು ಕಿಲೋ ಇರಬೇಕಿತ್ತು, ಒಬ್ಬನೇ ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಬಹುದಾದ ಭಾರ. ನಾನೂ ಆಟೋದವರೂ ಇಬ್ಬರು ಹಿಡಿದು ನಡುವೆ ಒಮ್ಮೆ ಇಳಿಸಿ ಉಸಿರು ತೆಗೆದುಕೊಂಡೆವು. ‘ಒಳ್ಳೆಯ ಮರ ಸರ್, ಎಷ್ಟು ಭಾರ ನೋಡಿ’ ಎಂದರು ಆಟೋದವರು. ನಾನು ಹೆಮ್ಮೆಯಿಂದ ನಕ್ಕೆ. ನಾವು ಹೊತ್ತದ್ದು ನೀರು.

ಮೊದಲ ಭಾನುವಾರ ತೋಪಡ ಹಿಡಿದೆ. ಎರಡನೇ ಹಲಗೆಗೆ ನಾಲ್ಕು ಬಾರಿ ಹೊಡೆಯುವಷ್ಟರಲ್ಲಿ ಕೆಂಪು ಹೋಗಿ ಒಂದು ಅಂಚಿನುದ್ದಕ್ಕೂ ಬಿಳಿಚಿದ ಪಟ್ಟಿ ಬಂತು. ಬಟ್ಟೆಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಉಳಿದ ಕಡೆ ಒರೆಸಿದೆ. ಬಟ್ಟೆ ಕಾವಿಯಾಯಿತು. ಮರಕ್ಕೆ ಬಣ್ಣ ಬಳಿದಿದ್ದರು! ಚೇಗು, ಅಂದರೆ ಕಾಂಡದ ಒಳಗಿನ ಗಟ್ಟಿ ಮರ, ಎಂದು ನಾನು ಹಣ ಕೊಟ್ಟದ್ದರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಹೊರಗಿನ ಬಿಳಿಮರ. ತೇಗದ ಚೇಗಿಗೆ ಗೆದ್ದಲು, ಮರ ಕೊರೆಯುವ ಕುಟ್ಟೆ ಹುಳು ಸುಲಭವಾಗಿ ತಾಗುವುದಿಲ್ಲ ಎಂಬುದಕ್ಕೇ ಅಲ್ಲವೇ ಅಷ್ಟು ಬೆಲೆ? ಬಿಳಿಮರಕ್ಕೆ ಆ ಗುಣವಿಲ್ಲ.

ಅಲ್ಲಿಗೇ ನಿಲ್ಲಿಸಬೇಕಿತ್ತು. ಮರ ತುಂಬಿಕೊಂಡು ವಾಪಸ್ಸು ಹೋಗಬೇಕಿತ್ತು. ಹೋಗಲಿಲ್ಲ. ಬಿಳಿ ಭಾಗವನ್ನು ಕೆಳಮುಖ ಮಾಡಿದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಮೂರನ್ನೂ ಗೋಂದು ಹಾಕಿ ಕೂಡಿಸಿದೆ, ಕ್ಲಾಂಪ್ ಬಿಗಿದೆ, ಮಾರ್ಚ್ ಮುಗಿಯುವಷ್ಟರಲ್ಲಿ ಮೇಲ್ಮೈಗೆ ಅಗಸೆ ಎಣ್ಣೆ ಮೂರು ಬಾರಿ ಹಚ್ಚಿದೆ. ಮೇಲ್ಮೈಗೆ ಮಾತ್ರ. ಕೆಳಗೆ ಯಾರು ನೋಡುತ್ತಾರೆ ಎಂದು ಬಿಟ್ಟೆ. ಎರಡೂ ಮುಖಗಳಿಗೆ ಸಮನಾಗಿ ಹಚ್ಚಬೇಕು, ಇಲ್ಲವಾದರೆ ಒಂದು ಕಡೆ ಬೇಗ, ಒಂದು ಕಡೆ ನಿಧಾನವಾಗಿ ಒಣಗಿ ಹಲಗೆ ದೋಣಿಯಾಗುತ್ತದೆ. ಇದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಒಣಗಿದ ಮರವಾಗಿದ್ದರೆ ಈ ತಪ್ಪಿಗೆ ಇಷ್ಟು ದೊಡ್ಡ ದಂಡ ಬೀಳುತ್ತಿರಲಿಲ್ಲ.

ಏಪ್ರಿಲ್ ಕೊನೆಯ ಒಂದು ರಾತ್ರಿ ತಾರಸಿಯಿಂದ ತೆಂಗಿನಕಾಯಿ ಒಡೆದಂತಹ ಸದ್ದು ಕೇಳಿತು. ಬೆಳಿಗ್ಗೆ ನೋಡಿದರೆ ನಡುವಿನ ಹಲಗೆಯ ತುದಿ ಒಂದು ಗೇಣು ಸೀಳಿತ್ತು. ಗೋಂದಿನ ಒಂದು ಕೂಡು ಬಾಯಿ ಬಿಟ್ಟಿತ್ತು, ಐದು ರೂಪಾಯಿ ನಾಣ್ಯ ಇಳಿಯುವಷ್ಟು. ಉದ್ದ ಪಟ್ಟಿ ಇಟ್ಟು ನೋಡಿದೆ, ಒಂದು ಮೂಲೆ 11 ಮಿಲಿಮೀಟರ್ ಮೇಲೆದ್ದಿತ್ತು. 11! ಅವನ ಮೀಟರ್ ತೋರಿಸಿದ್ದೂ ಅದೇ ಸಂಖ್ಯೆ.

ಚಿತ್ರ ಕಳುಹಿಸಿದೆ. ಉತ್ತರ ಬಂತು: ‘ಮರ ಎಂದ ಮೇಲೆ ಉಸಿರಾಡುತ್ತದೆ ಸರ್.’

ಈ ವಾಕ್ಯವನ್ನು ಎಷ್ಟು ಬಾರಿ ಓದಿದೆನೋ. ಸಿಟ್ಟು ಬರುವುದು ಅದು ಪೂರ್ತಿ ಸುಳ್ಳಲ್ಲ ಎಂಬ ಕಾರಣಕ್ಕೆ. ಮರ ಮಳೆಗಾಲದಲ್ಲಿ ಒಂದಿಷ್ಟು ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಯಾರಿಗೆ ಗೊತ್ತಿಲ್ಲ? ಅದು ಉಸಿರಾಟ. ನನ್ನ ಹಲಗೆಯದು ಉಬ್ಬಸ.

ಸೀಳಿದ ತುದಿಯಿಂದ ಒಂದೂವರೆ ಅಡಿ ಒಳಗೆ ಅಡ್ಡಲಾಗಿ ಕೊಯ್ದೆ. ಹೊಸದಾಗಿ ಕೊಯ್ದ ಮುಖದ ನಟ್ಟನಡುವೆ ಮೀಟರ್ ಚುಚ್ಚಿದರೆ 27, ಅಂಚಿನಲ್ಲಿ 12. ಮೀಟರ್ ಮೇಲೂ ನಂಬಿಕೆ ಹೋಗಿದ್ದರಿಂದ ನಡುಭಾಗದ ಒಂದು ತುಂಡನ್ನು ಕತ್ತರಿಸಿ ತೂಗಿದೆ, 206 ಗ್ರಾಂ. ಮನೆಯ ಕೇಕ್ ಓವನ್‌ನಲ್ಲಿ ನೂರು ಡಿಗ್ರಿಯ ಆಸುಪಾಸಿನಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವವರೆಗೂ ಮತ್ತೆ ಮತ್ತೆ ತೂಗಿದೆ. 163ಕ್ಕೆ ನಿಂತಿತು. ಹೋದ ನೀರು 43 ಗ್ರಾಂ, ಅದನ್ನು ಒಣ ತೂಕ 163ರಿಂದ ಭಾಗಿಸಿದರೆ ಶೇಕಡ 26. ಎರಡು ತಿಂಗಳು ಮನೆಯಲ್ಲಿದ್ದ ಮೇಲೆ ಇಷ್ಟು, ತಂದ ದಿನ ಎಷ್ಟಿತ್ತೋ. ಓವನ್‌ನಿಂದ ಇನ್ನೂ ಮರದ ವಾಸನೆ ಹೋಗಿಲ್ಲ, ಆ ವಿಷಯ ಮನೆಯಲ್ಲಿ ಬೇರೆಯೇ ನಡೆಯುತ್ತಿದೆ.

ಇದನ್ನೆಲ್ಲ ಬರೆದು ಕಳುಹಿಸಿದರೆ ಆತ ಹೇಳಿದ್ದು: ‘ನಿಮ್ಮ ಮೀಟರ್ ಚೀನಾದ್ದು ಸರ್.’ ಅವನದೂ ಅದೇ. ಅದೇ ಹಳದಿ, ಅದೇ ಗುಂಡಿ. ತುಸು ಹೊತ್ತಿಗೆ ಇನ್ನೊಂದು ಸಂದೇಶ: ‘ಎಣ್ಣೆ ಹಚ್ಚಿದ್ದು ಯಾರು? ನಾವು ಹಚ್ಚಿ ಎಂದು ಹೇಳಿದ್ದೆವೇ?’

ಜೂನ್‌ನಲ್ಲಿ ಮೇಜಿನ ಕೆಳಗೆ ಗೋಧಿಹಿಟ್ಟಿನಂತಹ ನುಣುಪು ಪುಡಿ ಬೀಳತೊಡಗಿತು. ಗುಡಿಸಿದರೆ ಮರುದಿನ ಮತ್ತೆ. ನನ್ನದೇ ಗರಗಸದ ಹೊಟ್ಟು ಎಂದುಕೊಂಡು ವಾರವಿಡೀ ಗುಡಿಸಿದೆ. ಕೊನೆಗೆ ಕೆಳಗೆ ಮಲಗಿ ಟಾರ್ಚ್ ಬಿಟ್ಟರೆ, ನಾನು ಕೆಳಮುಖ ಮಾಡಿ ಮುಚ್ಚಿಟ್ಟಿದ್ದ ಬಿಳಿಮರದ ತುಂಬ ಗುಂಡುಸೂಜಿಯ ತಲೆಯಷ್ಟು ತೂತುಗಳು. ಕುಟ್ಟೆ. ಅದಕ್ಕೂ ಅವನ ಬಳಿ ಉತ್ತರವಿತ್ತು, ಈ ಬಾರಿ ಧ್ವನಿ ಸಂದೇಶ, ಬಹಳ ಶಾಂತವಾಗಿ: ‘ತೇಗಕ್ಕೆ ಕುಟ್ಟೆ ಹಿಡಿಯುವುದಿಲ್ಲ ಸರ್. ಕುಟ್ಟೆ ಹಿಡಿದಿದೆ ಎಂದರೆ ಅದು ನಮ್ಮ ಮರವೇ ಅಲ್ಲ.’

ಇಂಥ ತರ್ಕದ ಮುಂದೆ ಏನು ಹೇಳುವುದು? ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಲು ಫೋನ್ ಕೈಗೆತ್ತಿಕೊಂಡೆ. ಬಿಲ್ ಎಲ್ಲಿ ಎಂದು ಕೇಳಿದರೆ ತೋರಿಸುವುದಕ್ಕೆ ಇರುವುದು ಪೆನ್ಸಿಲ್ ಗೀಚಿದ ಚೂರು. ಫೋನ್ ಕೆಳಗಿಟ್ಟೆ. ಜಿಎಸ್‌ಟಿ ಉಳಿಸಿದ್ದರಲ್ಲಿ ಉಳಿದದ್ದು ಮೂರು ಸಾವಿರ ಚಿಲ್ಲರೆ. ಕೊನೆಗೆ ಖುದ್ದಾಗಿ ಹೋದೆ. ‘ತಂದು ಹಾಕಿ ಸರ್, ತೋಪಡ ಹೊಡೆದ ಮರಕ್ಕೆ ಅರ್ಧ ದರ, ಗಾಡಿ ಬಾಡಿಗೆ ನಿಮ್ಮದು, ಹಣ ಕೊಡುವುದಿಲ್ಲ, ಬೇರೆ ಮರ ಕೊಡುತ್ತೇನೆ’ ಎಂದ. ಮತ್ತೆ ಚಹಾ ತರಿಸಲು ಹೊರಟಿದ್ದ.

ನಿಮಗೆ ಹೇಳುವುದಿಷ್ಟೇ. ಹಲಗೆಯ ನಡುವೆ ಕೊಯ್ಯಿಸಿ ಕೊಯ್ದ ಮುಖಕ್ಕೇ ಮೀಟರ್ ಚುಚ್ಚಿ, ಕೊಯ್ಯಲು ಒಪ್ಪದಿದ್ದರೆ ಎದ್ದು ಬನ್ನಿ. ಸ್ಪಿರಿಟ್ ಹಾಕಿದ ಬಟ್ಟೆಯೊಂದು ಜೇಬಿನಲ್ಲಿರಲಿ. ಅಳತೆ ಟೇಪು ನಿಮ್ಮದಿರಲಿ, ತೂಗಿ ನೋಡಿ, ಬಿಲ್ ಬಿಡಬೇಡಿ. ಚಹಾ ಕುಡಿಯಬೇಡಿ. ಕೆಲಸದ ಮೇಜಿಗೆ ತೇಗದ ಹುಚ್ಚು ಬೇಡವೇ ಬೇಡ, ಹಳೆಯ ಮನೆ ಕೆಡವಿದ ಕಡೆ ಸಿಗುವ ತೊಲೆ, ಬಾಗಿಲುವಾಡದ ಮರ ಐವತ್ತು ವರ್ಷ ಒಣಗಿರುತ್ತದೆ, ಮೊಳೆ ಹುಡುಕಿ ಕೀಳುವ ತಾಳ್ಮೆ ಇದ್ದರೆ ಸಾಕು.

ಕಾಲುಗಳ ವಿಷಯ ಹೇಳಲೇ ಇಲ್ಲ. ನಾಲ್ಕೂ ಕಾಲುಗಳು ಬಿರಿಯಲಿಲ್ಲ, ತಿರುಚಲಿಲ್ಲ, ಕುಟ್ಟೆಯೂ ಹಿಡಿಯಲಿಲ್ಲ. ಅಷ್ಟಾದರೂ ಸರಿಯಾದದ್ದು ಕೊಟ್ಟನಲ್ಲ ಎಂದುಕೊಂಡಿದ್ದೆ. ಹೋದ ವಾರ ನಮ್ಮ ಬೀದಿಯ ಹಿರಿಯ ಆಚಾರಿಯೊಬ್ಬರನ್ನು ಕರೆದು ತೋರಿಸಿದೆ. ಒಂದು ಕಾಲಿನ ಮೂಲೆಯನ್ನು ಉಳಿಯಿಂದ ಚೂರು ಕೆತ್ತಿ ಮೂಸಿದರು. ತೇಗವನ್ನು ಹೊಸದಾಗಿ ಕೆತ್ತಿದರೆ ಹದ ಮಾಡಿದ ತೊಗಲಿನಂತಹ ಒಂದು ವಾಸನೆ ಬರುತ್ತದೆ. ‘ಇದು ಅಕೇಶಿಯಾ’ ಎಂದು ಚೂರನ್ನು ನನ್ನ ಕೈಗೇ ಕೊಟ್ಟು, ನಗು ತಡೆದುಕೊಳ್ಳುತ್ತಾ ಕೆಳಗಿಳಿದರು. ಸದ್ಯಕ್ಕೆ ಆ ನಾಲ್ಕು ಕಾಲುಗಳ ಮೇಲೆ ಯಾರೋ ಎಸೆದ ಹಲಸಿನ ಹಳೆಯ ಬಾಗಿಲೊಂದನ್ನು ಕೂರಿಸಿಕೊಂಡು ಕೆಲಸ ಮಾಡುತ್ತಿದ್ದೇನೆ. ಅಲುಗಾಡುವುದಿಲ್ಲ.