ಜಿಸನ್, ಮೋಶಿ, ಕಾಟ್ಲಿನ್‌ಎಕ್ಸ್: ಬಾರದ ಫ್ಯಾಟಿಗೆ ಸೊನ್ನೆ ಹಾಕಿದ್ದು ಯಾರು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಾಟ್ಲಿನ್‌ಎಕ್ಸ್ ಸೀರಿಯಲೈಸೇಶನ್‌ಗೆ. ಸರ್ವರ್‌ನಿಂದ ಬಂದ ಜೇಸನ್ (JSON, ಕೀ-ಮೌಲ್ಯ ಜೋಡಿಗಳ ಪಠ್ಯ) ಅನ್ನು, ಆ್ಯಪ್ ಬರೆಯುವ ಭಾಷೆಯಾದ ಕಾಟ್ಲಿನ್‌ನ ಡೇಟಾ ಕ್ಲಾಸಿಗೆ, ಅಂದರೆ ಫೀಲ್ಡುಗಳ ಅಚ್ಚಿಗೆ, ಇಳಿಸುವ ಕೆಲಸವನ್ನು ಜಿಸನ್ (Gson), ಮೋಶಿ, ಕಾಟ್ಲಿನ್‌ಎಕ್ಸ್ ಮೂರೂ ಲೈಬ್ರರಿಗಳು ಮಾಡುತ್ತವೆ. ವೇಗದ ಗ್ರಾಫುಗಳು ಬೇಕಿದ್ದವರಿಗೆ ಬೇರೆ ಕಡೆ ಬೇಕಾದಷ್ಟು ಸಿಗುತ್ತವೆ. ನಮ್ಮ ಆ್ಯಪ್‌ನಲ್ಲಿ ಒಂದು ಸಲಕ್ಕೆ ಬರುವುದೇ ನಾಲ್ಕು ಸಾಲು ಡೇಟಾ, ಅಲ್ಲಿ ಮಿಲಿಸೆಕೆಂಡು ಎಣಿಸಿ ಏನು ಮಾಡೋಣ?

ಆ್ಯಪ್ ಹಾಲು ಡೇರಿಯದು. ಸದಸ್ಯರ ನಂಬರು, ಲೀಟರು, ಫ್ಯಾಟ್, ಶಿಫ್ಟು, ಇಷ್ಟನ್ನು ತೆಗೆದುಕೊಂಡು ಚೀಟಿಯ ಮೇಲೆ ದುಡ್ಡು ತೋರಿಸಬೇಕು. ಮಷೀನು ಫ್ಯಾಟ್ ಓದದಿದ್ದರೆ ಸರ್ವರ್ ಆ ಕೀಯನ್ನೇ ಕಳಿಸುವುದಿಲ್ಲ. ಅದಕ್ಕೆಂದೇ ಕ್ಲಾಸಿನಲ್ಲಿ ಫ್ಯಾಟಿನ ಡೀಫಾಲ್ಟ್ (ಏನೂ ಬಾರದಿದ್ದರೆ ಕೂರುವ ಮೌಲ್ಯ) -1.0. ಮೈನಸ್ ಕಂಡರೆ ಚೀಟಿಯಲ್ಲಿ ‘ರೀಡಿಂಗ್ ಬಂದಿಲ್ಲ’ ಎಂದು ಬರಬೇಕು. (ನಲ್ಲಬಲ್, ಅಂದರೆ ‘ನಲ್’ ಎಂದು ಖಾಲಿ ಇರಬಹುದಾದ ಫೀಲ್ಡ್, ಇಡಬೇಕಿತ್ತು ಎನ್ನುವವರ ಮಾತು ಸರಿಯೇ. ಹಳೆ ಕೋಡು, ಹಾಗೇ ಬಂದಿತ್ತು.) ಆಗ ಇದ್ದದ್ದು ಜಿಸನ್, ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು.

ಆಮೇಲೆ ಕ್ಲಾಸಿಗೆ ಕ್ಯಾನ್ ನಂಬರ್ ಅಂತ ಒಂದು ಫೀಲ್ಡ್ ಸೇರಿತು, ಡೀಫಾಲ್ಟ್ ಇಲ್ಲದೆ. ಅದೇ ವಾರ ಫ್ಯಾಟ್ ಬಾರದ ಚೀಟಿಗಳಲ್ಲೆಲ್ಲ ಫ್ಯಾಟ್ 0.0, ರೇಟೂ ಅದಕ್ಕೆ ತಕ್ಕಂತೆ. ಕ್ರ್ಯಾಶ್ ಇಲ್ಲ, ಲಾಗಿನಲ್ಲಿ ಒಂದು ಸಾಲೂ ಇಲ್ಲ. ಫ್ಯಾಟಿನ ಸಾಲನ್ನು ಯಾರೂ ಮುಟ್ಟಿರಲಿಲ್ಲ.

ಕಾರಣ ಹೀಗಿದೆ. ಕಾಟ್ಲಿನ್ ಕ್ಲಾಸಿನ ಕನ್‌ಸ್ಟ್ರಕ್ಟರ್‌ನಲ್ಲಿ (ಆಬ್ಜೆಕ್ಟ್ ಕಟ್ಟಿಕೊಡುವ ಕೋಡಿನಲ್ಲಿ) ಎಲ್ಲ ಪ್ಯಾರಾಮೀಟರ್‌ಗಳಿಗೂ ಡೀಫಾಲ್ಟ್ ಇದ್ದರೆ, ಕಂಪೈಲರ್ ತಾನೇ ಒಂದು ಖಾಲಿ ಕನ್‌ಸ್ಟ್ರಕ್ಟರ್ ಹುಟ್ಟಿಸುತ್ತದೆ. ಜಿಸನ್ ಅದನ್ನು ಕರೆಯುತ್ತದೆ, ಡೀಫಾಲ್ಟುಗಳು ಕೂರುತ್ತವೆ, ಆಮೇಲೆ ಜೇಸನ್‌ನಲ್ಲಿ ಇದ್ದದ್ದನ್ನು ಮೇಲೆ ಬರೆಯುತ್ತದೆ. ಒಂದೇ ಒಂದು ಪ್ಯಾರಾಮೀಟರ್‌ಗೆ ಡೀಫಾಲ್ಟ್ ತಪ್ಪಿದರೂ ಆ ಖಾಲಿ ಕನ್‌ಸ್ಟ್ರಕ್ಟರ್ ಮಾಯ. ಆಗ ಜಿಸನ್ ಜಾವಾದ ‘ಅನ್‌ಸೇಫ್’ ಎಂಬ ಹಿತ್ತಿಲ ಬಾಗಿಲಿನಿಂದ, ಯಾವ ಕನ್‌ಸ್ಟ್ರಕ್ಟರನ್ನೂ ಕರೆಯದೆ ಆಬ್ಜೆಕ್ಟ್ ಮಾಡಿಬಿಡುತ್ತದೆ. ಜೇಸನ್‌ನಲ್ಲಿ ಬಾರದ ಡಬಲ್‌ಗಳೆಲ್ಲ (ದಶಮಾಂಶ ಸಂಖ್ಯೆಗಳು) 0.0, ಸ್ಟ್ರಿಂಗ್‌ಗಳೆಲ್ಲ (ಪಠ್ಯ) ನಲ್. ‘ಬೆಳಗ್ಗೆ’ ಎಂದು ಡೀಫಾಲ್ಟ್ ಕೊಟ್ಟಿದ್ದ ಶಿಫ್ಟ್ ಕೂಡ ನಲ್. ಇದು ನಲ್ ಆಗಲಾರದು ಎಂದು ಕಾಟ್ಲಿನ್ ಬರೆದುಕೊಟ್ಟ ಮಾತಿಗೆ ಅಲ್ಲಿ ಬೆಲೆಯೇ ಇಲ್ಲ. ನಲ್ ಆದರೂ ವಾಸಿ, ಎಲ್ಲೋ ಒಂದು ಕಡೆ ಸಿಡಿಯುತ್ತದೆ. ಸೊನ್ನೆ ಸಿಡಿಯುವುದಿಲ್ಲ, ಗುಣಾಕಾರಕ್ಕೆ ಹೋಗಿ ಕೂರುತ್ತದೆ.

ಇದನ್ನು ತಡೆಯಲು ‘ಡಿಸೇಬಲ್‌ಜೆಡಿಕೆಅನ್‌ಸೇಫ್’ ಎಂಬ ಸೆಟ್ಟಿಂಗ್ 2.9.0ರಿಂದ ಇದೆ. ಹಾಕಿದರೆ ತೆಪ್ಪಗಿರುವ ಬದಲು ಎರರ್ ಎಸೆಯುತ್ತದೆ. ಆದರೂ ಜಿಸನ್ 2008ರದು, ಜಾವಾಕ್ಕೆಂದು ಹುಟ್ಟಿದ್ದು. ಅದಕ್ಕೆ ಕಾಟ್ಲಿನ್ ಡೀಫಾಲ್ಟು ಅರ್ಥವಾಗಲಿ ಎಂದು ಬಯಸುವುದೇ ಅನ್ಯಾಯ. ಇನ್ನೊಂದು: ರಿಲೀಸ್ ಬಿಲ್ಡಿನಲ್ಲಿ ಕೋಡು ಕುಗ್ಗಿಸುವ ಆರ್8 ಫೀಲ್ಡುಗಳ ಹೆಸರು ಬದಲಿಸಿದರೆ, ಕೀಪ್ ರೂಲ್ಸ್ (ಹೆಸರು ಮುಟ್ಟಬೇಡ ಎನ್ನುವ ನಿಯಮಗಳು) ಅಥವಾ ಹೆಸರಿನ ಅನೋಟೇಶನ್ (ಕೋಡಿನ ಮೇಲೆ ಹಾಕುವ ಗುರುತು) ಇಲ್ಲದ ಕಡೆ ಕೀಗಳು ಹೊಂದುವುದೇ ಇಲ್ಲ.

ಮೋಶಿ ಒಳ್ಳೆಯದು. ಜಿಸನ್ ಕಟ್ಟಿದವರಲ್ಲೊಬ್ಬರಾದ ಜೆಸ್ಸಿ ವಿಲ್ಸನ್ ಅವರೇ ಆಮೇಲೆ ಸ್ಕ್ವೇರ್ ಕಂಪನಿಯಲ್ಲಿ ಇದನ್ನು ಮಾಡಿದ್ದು, ಆ ಅನುಭವ ಕಾಣುತ್ತದೆ. ಕೀ ಇಲ್ಲದಿದ್ದರೆ ಡೀಫಾಲ್ಟ್ ಬರುತ್ತದೆ. ನಲ್ ಬರಬಾರದ ಕಡೆ ನಲ್ ಬಂದರೆ, ಯಾವ ಸಾಲಿನ ಯಾವ ಫೀಲ್ಡ್ ಎಂದು ದಾರಿ ಸಮೇತ ಬೆರಳು ತೋರಿಸಿ ನಿಲ್ಲುತ್ತದೆ. ಎರರ್ ಮೆಸೇಜಿಗೆ ಬಹುಮಾನ ಕೊಡುವುದಾದರೆ ಮೋಶಿಗೇ.

ನನಗೆ ಅಡ್ಡ ಬಂದದ್ದು ಅದರ ಅದೇ ಶಿಸ್ತು. ನಮ್ಮ ಸರ್ವರ್ ಒಮ್ಮೊಮ್ಮೆ ಕೀಯನ್ನು ಬಿಡುವ ಬದಲು ಫ್ಯಾಟ್‌ಗೆ ನಲ್ ಎಂದೇ ಬರೆದು ಕಳಿಸುತ್ತದೆ. ಡೀಫಾಲ್ಟ್ ಇದ್ದರೂ ಮೋಶಿ ಒಪ್ಪುವುದಿಲ್ಲ, ಅದಕ್ಕೊಂದು ಅಡಾಪ್ಟರ್ (ಮೌಲ್ಯ ಬದಲಿಸಿಕೊಡುವ ಕೋಡು) ನಾವೇ ಬರೆಯಬೇಕು. ಕಾಟ್ಲಿನ್‌ಎಕ್ಸ್‌ನಲ್ಲಿ ‘ಕೊಅರ್ಸ್‌ಇನ್‌ಪುಟ್‌ವ್ಯಾಲ್ಯೂಸ್’ ಆನ್ ಮಾಡಿದರೆ ಆ ನಲ್ ಜಾಗಕ್ಕೆ ಡೀಫಾಲ್ಟ್ ಬಂದು ಕೂರುತ್ತದೆ. ಸರ್ವರ್ ಕಡೆಯವರ ಜೊತೆ ದಿನಾ ಜಗಳ ಆಡುವ ಶಕ್ತಿ ಇಲ್ಲದ ನನ್ನಂಥವರಿಗೆ ಇಷ್ಟೇ ಸಾಕು.

ಇನ್ನೊಂದು ಕಾರಣ ನನ್ನ ಲ್ಯಾಪ್‌ಟಾಪ್, ಎಂಟು ಜಿಬಿ ರ್‍ಯಾಮಿನದು. ಮೋಶಿಗೆ ಕೋಡ್ ಹುಟ್ಟಿಸಲು, ಬಿಲ್ಡ್ ಹೊತ್ತಿನಲ್ಲಿ ಕೆಎಸ್‌ಪಿ ಎಂಬ ಬೇರೆ ಟೂಲ್ ಓಡಿಸಬೇಕು. ಅದು ಬೇಡವೆಂದರೆ ಓಡುವಾಗಲೇ ಕ್ಲಾಸನ್ನು ಬಗೆದು ನೋಡುವ ಕಾಟ್ಲಿನ್ ರಿಫ್ಲೆಕ್ಟ್ ಲೈಬ್ರರಿಯ ಭಾರವನ್ನು ಆ್ಯಪ್ ಹೊರಬೇಕು. ಕಾಟ್ಲಿನ್‌ಎಕ್ಸ್ ಕಂಪೈಲರ್ ಪ್ಲಗಿನ್ ಆದ್ದರಿಂದ ಪ್ರತ್ಯೇಕ ಹಂತವಿಲ್ಲ. ಒಳಗಿನ ಕ್ಲಾಸಿಗೆ ಅನೋಟೇಶನ್ ಮರೆತರೆ ಕಂಪೈಲ್ ಆಗುವಾಗಲೇ ಬೈಯುತ್ತದೆ. ಮೋಶಿ ಬೈಯುವುದು ಆ್ಯಪ್ ಓಡುವಾಗ.

ಹಾಗೆಂದು ಮೆಚ್ಚಿನದ್ದಕ್ಕೆ ಕೊಂಕಿಲ್ಲವೆಂದಲ್ಲ. ಗೊತ್ತಿಲ್ಲದ ಕೀ ಬಂದರೆ ಕಾಟ್ಲಿನ್‌ಎಕ್ಸ್ ಎರರ್ ಕೊಡುತ್ತದೆ. ‘ಇಗ್ನೋರ್‌ಅನ್‌ನೋನ್‌ಕೀಸ್’ ಹಾಕದೆ ಆ್ಯಪ್ ಬಿಟ್ಟರೆ, ಸರ್ವರ್‌ನವರು ಹೊಸ ಫೀಲ್ಡ್ ಸೇರಿಸಿದ ದಿನ ಎಲ್ಲರ ಫೋನಿನಲ್ಲೂ ಗೋಳು. ಕಳಿಸುವಾಗ ಡೀಫಾಲ್ಟಿಗೆ ಸಮನಾದ ಮೌಲ್ಯಗಳನ್ನು ಬರೆಯುವುದೇ ಇಲ್ಲ, ಹಾಗಾಗಿ ಶಿಫ್ಟ್ ‘ಬೆಳಗ್ಗೆ’ ಇದ್ದಾಗಲೆಲ್ಲ ಸರ್ವರ್‌ಗೆ ಶಿಫ್ಟೇ ತಲುಪುವುದಿಲ್ಲ. ‘ಎನ್‌ಕೋಡ್‌ಡೀಫಾಲ್ಟ್ಸ್’ ಆನ್ ಮಾಡಿ.

ಹಳೆ ಜಾವಾ ಪ್ರಾಜೆಕ್ಟು, ಎಲ್ಲ ಕ್ಲಾಸುಗಳೂ ಜಾವಾದವೇ ಎಂದಾದರೆ ಜಿಸನ್ ಕೀಳಲು ಹೋಗಬೇಡಿ. ಜಾವಾ ಮತ್ತು ಕಾಟ್ಲಿನ್ ಬೆರೆತಿದ್ದು, ಬಿಲ್ಡ್ ಮಷೀನು ಗಟ್ಟಿಯಿದ್ದರೆ ಮೋಶಿ. ಪೂರ್ತಿ ಕಾಟ್ಲಿನ್, ಜೊತೆಗೆ ಹೇಳಿದ ಮಾತು ಕೇಳದ ಸರ್ವರ್ ಇದ್ದರೆ ಕಾಟ್ಲಿನ್‌ಎಕ್ಸ್, ಮೇಲಿನ ಮೂರು ಸೆಟ್ಟಿಂಗ್‌ಗಳ ಸಮೇತ.