ಎಂಟು ವರ್ಷ ಬಳಸಿದ 15 ಲೀಟರ್ ಗೀಸರ್: ಸೋರಿದ್ದು ಎಲ್ಲಿಂದ?

ಮೈಸೂರಿನ ಬೋಗಾದಿ ಕಡೆ ನಮ್ಮ ಮನೆ. ಅಡುಗೆಗೆ ಕಾವೇರಿ ನೀರು, ಸ್ನಾನಕ್ಕೆ ಬೋರ್ ನೀರು. 2017ರ ಸೆಪ್ಟೆಂಬರಿನಲ್ಲಿ 15 ಲೀಟರಿನ ಗೀಸರ್ ಹಾಕಿಸಿದೆವು. 2 ಕಿಲೋವ್ಯಾಟ್ ಕಾಯಿಲ್, ಒಳಗಡೆ ಗ್ಲಾಸ್ ಲೈನಿಂಗ್ (ಗಾಜಿನ ಲೇಪ) ಇರುವ ಸ್ಟೀಲ್ ಟ್ಯಾಂಕ್. ನಾಲ್ಕು ಜನರ ಸ್ನಾನಕ್ಕೆ ಯಾವತ್ತೂ ಕಡಿಮೆ ಬಿದ್ದಿಲ್ಲ. ನೀರು ಕಾಯಿಸುವ ವಿಷಯದಲ್ಲಿ ನನಗೆ ದೂರಿಲ್ಲ.

ಎರಡನೇ ವರ್ಷ ಮೊದಲ ಸಲ ತೊಟ್ಟಿಕ್ಕಿತು. ಅಮ್ಮ ಗಾಬರಿಯಾಗಿ ಕೆಳಗೆ ಚೊಂಬು ಇಟ್ಟರು. ನೋಡಿದರೆ ಬದಿಯ ಸೇಫ್ಟಿ ವಾಲ್ವಿನಿಂದ, ಅದೂ ನೀರು ಕಾಯುವಾಗ ಮಾತ್ರ. ಅದು ಸೋರಿಕೆ ಅಲ್ಲ. ಕಾದ ನೀರು ಹಿಗ್ಗುತ್ತದೆ, ಹೆಚ್ಚಾದ ಒತ್ತಡವನ್ನು ಆ ವಾಲ್ವ್ ಹೊರಗೆ ಬಿಡುತ್ತದೆ. ಅದರ ಬಾಯಿ ಮುಚ್ಚಿಸುವವರೂ ಇದ್ದಾರೆ. ದಯವಿಟ್ಟು ಬೇಡ, ಟ್ಯಾಂಕೇ ಒಡೆಯಬಹುದು.

ನಿಜವಾದ ಸೋರಿಕೆ ಶುರುವಾಗಿದ್ದು 2022ರ ಡಿಸೆಂಬರಿನಲ್ಲಿ, ಒಳ್ಳೆ ಚಳಿಯಲ್ಲಿ. ಸ್ವಿಚ್ ಆಫ್ ಮಾಡಿದರೂ ಕೆಳಗಿನ ಪ್ಲಾಸ್ಟಿಕ್ ಕವರಿನಿಂದ ಹನಿ ನಿಲ್ಲಲಿಲ್ಲ. ಟೈಲ್ಸ್ ಮೇಲೆ ಕೆಂಚು ಕಲೆ. ಕರೆಂಟ್ ವೈರುಗಳೆಲ್ಲ ಇರುವುದು ಅದೇ ಕವರಿನೊಳಗೆ, ಅಲ್ವಾ? ಅದಕ್ಕೆ ಮೊದಲು ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಇಳಿಸಿದೆ, ಆಮೇಲೆ ನೀರಿನ ಕಾಕ್ ಮುಚ್ಚಿದೆ.

ಕಂಪನಿಯಿಂದ ಬಂದವರು ಕವರ್ ಬಿಚ್ಚಲೇ ಇಲ್ಲ. ಟಾರ್ಚ್ ಬಿಟ್ಟು ನೋಡಿ, 'ಟ್ಯಾಂಕ್ ಹೋಗಿದೆ, ಹೊಸದು ತಗೊಳ್ಳಿ' ಅಂದರು. ಟ್ಯಾಂಕಿನ ಐದು ವರ್ಷದ ವಾರಂಟಿ ಮುಗಿದು ಮೂರು ತಿಂಗಳಾಗಿತ್ತು. ಇವತ್ತಿಗೂ ನನಗೆ ಬೇಜಾರಿರುವುದು ಇದೊಂದೇ.

ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಅದನ್ನು ಗೋಡೆಯಿಂದ ಇಳಿಸಿ, ನೀರು ಖಾಲಿ ಮಾಡಿ ಬಿಚ್ಚಿದರು. ಕಾಯಿಲ್ ಕೂರುವ ಜಾಗದಲ್ಲಿ ನೀರು ಸೋರದಂತೆ ತಡೆಯುವ ರಬ್ಬರ್ ಗ್ಯಾಸ್ಕೆಟ್ ಒಣಗಿದ ಹುಣಸೆ ಸಿಪ್ಪೆ ಹಾಗೆ ಕೈಯಲ್ಲೇ ಮುರಿಯಿತು. ಸೋರುತ್ತಿದ್ದದ್ದು ಅಲ್ಲಿಂದ. ಟ್ಯಾಂಕಿನಿಂದ ಎರಡು ಬೊಗಸೆ ಬಿಳಿ ಹಕ್ಕಳೆ ಬಂತು. ಕಾಯಿಲ್ ಮೇಲೆ ಸುಣ್ಣ ಬಳಿದ ಹಾಗೆ ಉಪ್ಪು ಕಟ್ಟಿತ್ತು. ಪಕ್ಕದಲ್ಲಿ ಒಂದು ಸಣ್ಣ ತಂತಿ ನೇತಾಡುತ್ತಿತ್ತು. 'ಇದು ಆನೋಡ್ ರಾಡ್ ಮೇಡಂ, ಹೊಸದರಲ್ಲಿ ಬೆರಳು ದಪ್ಪ ಇರುತ್ತೆ' ಅಂದರು. ನಮ್ಮದು ಊದುಬತ್ತಿ ಕಡ್ಡಿಯಷ್ಟೇ ಉಳಿದಿತ್ತು.

ಆ ರಾಡ್ ಮೆಗ್ನೀಸಿಯಂನದು. ಟ್ಯಾಂಕಿನ ಸ್ಟೀಲ್ ತುಕ್ಕು ಹಿಡಿಯುವ ಬದಲು ಇದೇ ಕರಗುತ್ತದೆ. ಇದು ಪೂರ್ತಿ ಮುಗಿದ ಮೇಲೆ ಟ್ಯಾಂಕಿನ ಸರದಿ. ಗೀಸರ್ ಮಾರಿದವರಾಗಲಿ ಕೂರಿಸಿದವರಾಗಲಿ ಈ ಮಾತು ಒಮ್ಮೆಯೂ ಹೇಳಿರಲಿಲ್ಲ. ಗ್ಯಾಸ್ಕೆಟ್, ರಾಡ್, ಕ್ಲೀನಿಂಗು, ಕೂಲಿ ಎಲ್ಲಾ ಸೇರಿ 1,150 ರೂಪಾಯಿ ಆಯಿತು. ಅವತ್ತು ಸುಮ್ನೆ ಕಂಪನಿಯವರ ಮಾತು ಕೇಳಿದ್ದರೆ ಒಳ್ಳೆ ಗೀಸರ್ ಗುಜರಿಗೆ ಹೋಗುತ್ತಿತ್ತು.

ಟ್ಯಾಂಕೇ ತೂತಾಗಿದ್ದರೆ ಮಾತ್ರ ಬದಲಿಸುವುದೇ ಸರಿ. ತೂತಿಗೆ ವೆಲ್ಡಿಂಗ್ ಮಾಡಿಸಿದರೆ ಆ ಬಿಸಿಗೆ ಒಳಗಿನ ಗ್ಲಾಸ್ ಲೈನಿಂಗ್ ಬಿರುಕು ಬಿಡುತ್ತದೆ, ಅಲ್ಲಿಂದ ಮತ್ತೆ ತುಕ್ಕು. ಆದರೆ ಬಿಚ್ಚಿ ತೋರಿಸದೆ ಯಾರು ಹೇಳಿದರೂ ಒಪ್ಪಬೇಡಿ.

ಗೀಸರಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ, ಕಂಪನಿ ಸರ್ವೀಸಿಗೆ ಒಂದು. 2025ರ ಜನವರಿಯಲ್ಲಿ ಮತ್ತೆ ಬಿಚ್ಚಿಸಿದಾಗ ರಾಡ್ ಅರ್ಧ ಸವೆದಿತ್ತು, ಬದಲಿಸಿದೆವು. ಆ ತಾರೀಖನ್ನು ಗೀಸರ್ ಮೈಮೇಲೆ ಮಾರ್ಕರಿನಲ್ಲಿ ಬರೆದಿಟ್ಟಿದ್ದೇನೆ.