ಕೆಡುತ್ತಿರುವ ಹಾರ್ಡ್ ಡಿಸ್ಕ್‌ಗೆ ಡಿಡಿರೆಸ್ಕ್ಯೂವೋ, ದುಡ್ಡು ಕೊಟ್ಟು ಕೊಳ್ಳುವ ತಂತ್ರಾಂಶವೋ?

ಹನುಮಂತನಗರದಲ್ಲಿರುವ ನಮ್ಮ ದೊಡ್ಡಪ್ಪ ನಿವೃತ್ತರಾದ ಮೇಲೆ ಹನ್ನೊಂದು ವರ್ಷ ತೆಗೆದ ಹಕ್ಕಿಗಳ ಚಿತ್ರಗಳೆಲ್ಲ 1 ಟಿಬಿಯ ಒಂದೇ ಹಾರ್ಡ್ ಡಿಸ್ಕ್‌ನಲ್ಲಿದ್ದವು. ಹಕ್ಕಿ ಯಾವುದು, ಯಾವ ಕೆರೆಯಲ್ಲಿ, ಎಷ್ಟು ಕಂಡವು ಎಂಬುದನ್ನು ಅವರು ಫೈಲಿನ ಹೆಸರಿನಲ್ಲೇ ಬರೆಯುತ್ತಾರೆ: ‘ಹೆಜ್ಜಾರ್ಲೆ-ಜಕ್ಕೂರು-14’, ‘ಮಿಂಚುಳ್ಳಿ-ಹೆಸರಘಟ್ಟ-2’ ಎಂಬಂತೆ. ಬೇರೆ ಯಾವ ಪುಸ್ತಕದಲ್ಲೂ ಈ ಲೆಕ್ಕವಿಲ್ಲ. ಆದ್ದರಿಂದ ಕಳೆದ ಬೇಸಿಗೆಯಲ್ಲಿ ಡಿಸ್ಕ್ ತೆರೆಯಲು ಹತ್ತು ನಿಮಿಷ ಹಿಡಿಯತೊಡಗಿದಾಗ ನಾವು ಉಳಿಸಬೇಕಾದದ್ದು ಚಿತ್ರಗಳನ್ನು ಮಾತ್ರವಲ್ಲ, ಹೆಸರುಗಳನ್ನೂ ಆಗಿತ್ತು. ಎರಡನ್ನೂ ಉಳಿಸಿಕೊಟ್ಟದ್ದು ಗ್ನೂ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ. ಮಿಕ್ಕ ದಾರಿಗಳನ್ನು ಅದರ ಪಕ್ಕದಲ್ಲಿಟ್ಟೇ ನೋಡುತ್ತೇನೆ.

ನಾನು ಮೊದಲು ಹಿಡಿದದ್ದು ದುಡ್ಡು ಕೊಟ್ಟು ಕೊಳ್ಳುವ ತಂತ್ರಾಂಶವೊಂದನ್ನು. ವಿಂಡೋಸ್‌ನಲ್ಲಿ ನಡೆಯುವ, ನೋಡಲು ಅಚ್ಚುಕಟ್ಟಾದ, ಚಿತ್ರಗಳ ಚಿಕ್ಕ ಪ್ರತಿಯನ್ನು ಮೊದಲೇ ತೋರಿಸುವ ತಂತ್ರಾಂಶ ಅದು. ಉಚಿತ ಆವೃತ್ತಿ ಕಂಡದ್ದನ್ನೆಲ್ಲ ಉಳಿಸಿಕೊಳ್ಳಲು ಬಿಡದ ಕಾರಣ ಒಂದು ತಿಂಗಳ ಚಂದಾ ಕಟ್ಟಿದೆ. ಅದು ಕೆಟ್ಟ ಜಾಗಕ್ಕೆ ಬಂದ ಕೂಡಲೇ ಅಲ್ಲೇ ನಿಂತು ಅದನ್ನೇ ಮತ್ತೆ ಮತ್ತೆ ಓದಲು ಯತ್ನಿಸುತ್ತಿತ್ತು. ನಿಲ್ಲಿಸಿ ಮತ್ತೆ ಶುರು ಮಾಡಿದರೆ ಮೊದಲಿನಿಂದಲೇ ಹೊರಡುತ್ತಿತ್ತು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಸ್ಮಾರ್ಟ್ ವರದಿಯಲ್ಲಿ 197ನೆಯ ಸಾಲು, ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ (ಡಿಸ್ಕ್‌ನ ಸಣ್ಣ ಸಣ್ಣ ತುಣುಕುಗಳ) ಸಂಖ್ಯೆ, ನಾನು ಆರಂಭಿಸುವಾಗ 312 ಇದ್ದದ್ದು ಮೂರು ಯತ್ನಗಳ ಬಳಿಕ 1140 ಆಯಿತು. ಆರೋಗ್ಯವಾಗಿರುವ ಡಿಸ್ಕ್‌ನಿಂದ ಕೈತಪ್ಪಿ ಅಳಿಸಿದ ಫೈಲನ್ನು ಮರಳಿ ಪಡೆಯಲು ಇಂಥ ತಂತ್ರಾಂಶ ಸಾಕು ಎಂದು ಈಗಲೂ ಹೇಳುತ್ತೇನೆ. ಕೆಡುತ್ತಿರುವ ಡಿಸ್ಕ್‌ನ ಮೇಲೆ ಅದನ್ನು ನೇರವಾಗಿ ಹರಿಯಬಿಡಬಾರದು.

ವಿಂಡೋಸ್‌ನಲ್ಲೇ ಇರುವ ಚೆಕ್‌ಡಿಸ್ಕ್ ಅನ್ನು ನಾನು ಬಳಸಲಿಲ್ಲ. ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಹೊಸ ಡಿಸ್ಕ್ ಕೊಳ್ಳುವಾಗ ‘ಮೊದಲು ಅದನ್ನು ಓಡಿಸಿ ನೋಡಿ ಸಾರ್’ ಎಂದು ಹೇಳಿದ್ದರು. ಅದರ ಕೆಲಸ ಯಾವ ಫೈಲು ಎಲ್ಲಿದೆ ಎಂಬ ಲೆಕ್ಕವಿಡುವ ಫೈಲ್ ವ್ಯವಸ್ಥೆಯನ್ನು ಸರಿಪಡಿಸುವುದೇ ಹೊರತು ನಮ್ಮ ಚಿತ್ರಗಳನ್ನು ಕಾಯುವುದಲ್ಲ. ಸರಿಪಡಿಸಲು ಅದು ಅದೇ ಡಿಸ್ಕ್‌ನ ಮೇಲೆ ಬರೆಯುತ್ತದೆ, ದಾಖಲೆ ಓದಲಾಗದ ಫೈಲುಗಳನ್ನು ಪಟ್ಟಿಯಿಂದಲೇ ಕೈಬಿಡಬಹುದು.

ಡಿಡಿರೆಸ್ಕ್ಯೂ ಏನನ್ನೂ ಸರಿಪಡಿಸುವುದಿಲ್ಲ. ಆಂಟೋನಿಯೊ ದಿಯಾಸ್ ದಿಯಾಸ್ ಅವರು 2004ರಿಂದ ಬೆಳೆಸಿಕೊಂಡು ಬಂದಿರುವ ಈ ತಂತ್ರಾಂಶ ಡಿಸ್ಕ್ ಅನ್ನು ಇಡಿಯಾಗಿ ಒಂದು ಇಮೇಜ್ ಫೈಲಿಗೆ ನಕಲು ಮಾಡುತ್ತದೆ, ಅಷ್ಟೇ. ಆದರೆ ಮೊದಲು ಸುಲಭವಾಗಿ ಓದಿಸಿಕೊಳ್ಳುವ ಜಾಗಗಳನ್ನೆಲ್ಲ ಬೇಗ ಬಾಚಿಕೊಂಡು, ಎಡವಿದ ಕಡೆ ಹಾರಿ ಮುಂದೆ ಹೋಗಿ, ಕಷ್ಟದ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಎಲ್ಲಿಯವರೆಗೆ ಓದಿದೆ, ಎಲ್ಲಿ ಸೋತಿದೆ ಎಂಬುದನ್ನು ಮ್ಯಾಪ್‌ಫೈಲ್ ಎಂಬ ಸಣ್ಣ ಪಠ್ಯದಲ್ಲಿ ಬರೆದಿಡುವುದರಿಂದ ನಡುವೆ ಕರೆಂಟ್ ಹೋದರೂ ಬಿಟ್ಟಲ್ಲಿಂದಲೇ ಮುಂದುವರಿಯಬಹುದು. ನಾನು ಪೆನ್‌ಡ್ರೈವ್‌ನಿಂದ ಉಬುಂಟು ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕಿಕೊಂಡು ಇದನ್ನು ಓಡಿಸಿದೆ. ಹಾಗೆ ಮಾಡುವವರು ಮ್ಯಾಪ್‌ಫೈಲನ್ನು ಹೊಸ ಡಿಸ್ಕ್‌ನಲ್ಲೇ ಇಡಬೇಕು, ಏಕೆಂದರೆ ಪೆನ್‌ಡ್ರೈವ್‌ನಿಂದ ಎದ್ದ ವ್ಯವಸ್ಥೆಯ ಹೋಮ್ ಫೋಲ್ಡರ್ ಸಾಮಾನ್ಯವಾಗಿ ಕರೆಂಟ್ ಹೋದರೆ ಅಳಿದುಹೋಗುವ ರ್‍ಯಾಮ್‌ನಲ್ಲಿರುತ್ತದೆ. ಉಬುಂಟುವಿನಲ್ಲಿ ಇದರ ಪ್ಯಾಕೇಜಿನ ಹೆಸರು ಜಿಡಿಡಿರೆಸ್ಕ್ಯೂ.

ನನ್ನನ್ನು ಎರಡು ದಿನ ಕಾಡಿದ ತೊಡಕು ಡಿಸ್ಕ್‌ನದ್ದೂ ಅಲ್ಲ, ತಂತ್ರಾಂಶದ್ದೂ ಅಲ್ಲ. ಡಿಸ್ಕ್ ಕೂತಿದ್ದ ಯುಎಸ್‌ಬಿ ಪೆಟ್ಟಿಗೆಯದ್ದು. ರಾತ್ರಿ ಹನ್ನೊಂದಕ್ಕೆ ನಕಲು ಆರಂಭಿಸಿ, ಡಿಸ್ಕ್ ಅನ್ನು ಸ್ಟೀಲ್ ತಟ್ಟೆಯ ಮೇಲಿಟ್ಟು ಟೇಬಲ್ ಫ್ಯಾನ್ ಹಚ್ಚಿ ಮಲಗಿದೆ. ಬೆಳಗ್ಗೆ ಐದೂವರೆಗೆ ಎದ್ದು ನೋಡಿದರೆ ಶೇ. 41 ಮಾತ್ರ ಬಂದಿತ್ತು. ಉಳಿದ ಜಾಗವೆಲ್ಲ ದೋಷವೆಂದು ದಾಖಲಾಗಿತ್ತು. ಅಷ್ಟರಲ್ಲೇ ದೊಡ್ಡಪ್ಪನ ಫೋನ್ ಬಂತು. ‘ಏನಪ್ಪಾ, ಹೋಯ್ತಾ ಎಲ್ಲಾ?’ ಎಂದರು. ‘ಇನ್ನೂ ಗೊತ್ತಿಲ್ಲ ದೊಡ್ಡಪ್ಪಾ, ಸಂಜೆಯವರೆಗೆ ಟೈಮ್ ಕೊಡಿ’ ಎಂದೆ.

ಮ್ಯಾಪ್‌ಫೈಲ್ ತೆರೆದಾಗ ಕಾರಣ ಹೊಳೆಯಿತು. ನಿಜವಾಗಿ ಕೆಟ್ಟ ಜಾಗಗಳು ಚೂರುಚೂರಾಗಿ, ನಡುನಡುವೆ ಓದಿದ ಜಾಗಗಳೊಂದಿಗೆ ಕಾಣುತ್ತವೆ. ಇಲ್ಲಿ ಒಂದು ಬಿಂದುವಿನ ನಂತರ ಒಂದೇ ಒಂದು ಸೆಕ್ಟರೂ ಓದಿರಲಿಲ್ಲ. ಅಂದರೆ ಪೆಟ್ಟಿಗೆಯೊಳಗಿನ ಚಿಪ್ ಕೆಟ್ಟ ಸೆಕ್ಟರೊಂದರಲ್ಲಿ ಸಿಕ್ಕಿಕೊಂಡು ಜಡವಾಗಿತ್ತು. ಸಾಧನದ ಹೆಸರು ಮಾತ್ರ ಪಟ್ಟಿಯಲ್ಲಿ ಉಳಿದಿದ್ದರಿಂದ ಡಿಡಿರೆಸ್ಕ್ಯೂ ಓದಲು ಕೇಳುತ್ತಲೇ ಇತ್ತು, ಪ್ರತಿ ಸಲವೂ ದೋಷವೆಂಬ ಉತ್ತರವೇ ಬರುತ್ತಿತ್ತು. ಡಿಸ್ಕ್ ಅನ್ನು ಪೆಟ್ಟಿಗೆಯಿಂದ ಬಿಡಿಸಿ ಹಳೆಯ ಡೆಸ್ಕ್‌ಟಾಪ್‌ನ ಸಾಟಾ ಕೇಬಲ್‌ಗೆ ನೇರವಾಗಿ ಜೋಡಿಸಿದೆ. ಒಟ್ಟು ಗಾತ್ರ ಎರಡು ಕಡೆಯೂ 1000204886016 ಬೈಟ್ ಎಂದೇ ತೋರಿದ್ದರಿಂದ ಹಳೆಯ ಮ್ಯಾಪ್‌ಫೈಲನ್ನೇ ಮುಂದುವರಿಸಬಹುದೆಂಬ ಧೈರ್ಯ ಬಂತು. ‘ಟ್ರೈ ಅಗೇನ್’ ಆಯ್ಕೆ ಕೊಟ್ಟರೆ ಅರ್ಧಕ್ಕೆ ಬಿಟ್ಟ ಜಾಗಗಳನ್ನು ಇನ್ನೂ ಮುಟ್ಟದವು ಎಂದು ಪರಿಗಣಿಸಿ ಮತ್ತೆ ಓದುತ್ತದೆ. ಅದನ್ನು ಕೊಟ್ಟ ಮೇಲೆ ಸಂಜೆಯ ಹೊತ್ತಿಗೆ ಶೇ. 99ಕ್ಕಿಂತ ಹೆಚ್ಚು ಭಾಗ ಬಂದಿತ್ತು. ಉಳಿದ ಚೂರುಗಳಿಗೆ ಮತ್ತೆ ನಾಲ್ಕು ದಿನ ಹಿಡಿಯಿತು. ಯುಎಸ್‌ಬಿ ಕಿಂಡಿಯನ್ನು ಡಿಸ್ಕ್‌ನ ಬೋರ್ಡ್‌ಗೇ ಬೆಸೆದಿರುವ ಪೋರ್ಟಬಲ್ ಡಿಸ್ಕ್‌ಗಳಲ್ಲಿ ಹೀಗೆ ಬಿಡಿಸಲು ಬರುವುದಿಲ್ಲವೆಂಬುದು ನೆನಪಿರಲಿ.

ಇಮೇಜ್ ಕೈಗೆ ಬಂದ ಮೇಲೆ ಫೋಟೊರೆಕ್ ಮತ್ತು ಟೆಸ್ಟ್‌ಡಿಸ್ಕ್ ಎರಡನ್ನೂ ಪ್ರಯೋಗಿಸಿದೆ. ಇವೆರಡೂ ಉಚಿತ, ಒಟ್ಟಿಗೇ ಬರುತ್ತವೆ. ಫೋಟೊರೆಕ್ ಫೈಲ್ ವ್ಯವಸ್ಥೆಯನ್ನು ಬದಿಗಿಟ್ಟು ಫೈಲುಗಳ ಒಳರಚನೆಯನ್ನೇ ಗುರುತಿಸಿ ಹೆಕ್ಕುವುದರಿಂದ ಚಿತ್ರಗಳು ಬಂದವು, ಹೆಸರುಗಳು ಬರಲಿಲ್ಲ. ಹೆಜ್ಜಾರ್ಲೆಯೂ ಮಿಂಚುಳ್ಳಿಯೂ ಬರೀ ಅಂಕಿಗಳಾಗಿ ಬಂದಿದ್ದನ್ನು ಕಂಡು ದೊಡ್ಡಪ್ಪ ಮಾತೇ ಆಡಲಿಲ್ಲ. ಟೆಸ್ಟ್‌ಡಿಸ್ಕ್ ಮಾತ್ರ ಇಮೇಜ್‌ನೊಳಗಿನ ಫೈಲ್ ಪಟ್ಟಿಯನ್ನೇ ಓದಿ, ಫೋಲ್ಡರ್ ಸಮೇತ, ಕನ್ನಡದ ಹೆಸರುಗಳೊಂದಿಗೆ ನಕಲು ಮಾಡಿಕೊಟ್ಟಿತು. ಆ ಪಟ್ಟಿ ಇದ್ದ ಜಾಗವನ್ನು ಡಿಡಿರೆಸ್ಕ್ಯೂ ಪೂರ್ತಿ ಓದಿದ್ದರಿಂದಲೇ ಇದು ಸಾಧ್ಯವಾಯಿತು.

ಯಾವ ಚಿತ್ರಗಳು ಹಾಳಾಗಿವೆ ಎಂಬುದನ್ನೂ ಡಿಡಿರೆಸ್ಕ್ಯೂವೇ ಹೇಳಬಲ್ಲದು. ಅದರ ಫಿಲ್ ವಿಧಾನದಿಂದ ಇಮೇಜ್‌ನ ಓದಲಾಗದ ಜಾಗಗಳಲ್ಲಿ ಒಂದು ಗುರುತಿನ ಪದವನ್ನು ತುಂಬಿಸಿ, ಫೈಲುಗಳನ್ನು ಮತ್ತೆ ನಕಲಿಸಿ ಆ ಪದವನ್ನು ಹುಡುಕಿದಾಗ 37 ಚಿತ್ರಗಳು ಸಿಕ್ಕವು.

ದತ್ತಾಂಶ ಉಳಿಸಿಕೊಡುವ ಪ್ರಯೋಗಾಲಯದವರು ಫೋನಿನಲ್ಲಿ ಹೇಳಿದ ಅಂದಾಜು ನಮ್ಮ ಮನೆಯ ಒಂದು ತಿಂಗಳ ಬಾಡಿಗೆಯನ್ನು ಮೀರಿತ್ತು. ಡಿಸ್ಕ್ ಟಕಟಕ ಸದ್ದು ಮಾಡುತ್ತಿದ್ದಿದ್ದರೆ ಯಾವ ತಂತ್ರಾಂಶವನ್ನೂ ಮುಟ್ಟದೆ, ವಿದ್ಯುತ್ ತೆಗೆದು ಅಲ್ಲಿಗೇ ಕೊಡುತ್ತಿದ್ದೆ.

ಟರ್ಮಿನಲ್‌ನಲ್ಲಿ ಆದೇಶ ಬರೆಯುವುದು ನನಗೆ ದಿನನಿತ್ಯದ ಕೆಲಸವಾದ್ದರಿಂದ ಡಿಡಿರೆಸ್ಕ್ಯೂ ಹೊರೆ ಎನಿಸಲಿಲ್ಲ; ಆ ರೂಢಿ ಇಲ್ಲದವರು ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಒಳ್ಳೆಯದು. ವ್ಯರ್ಥವಾದ ಚಂದಾ ಬಿಟ್ಟರೆ ನನಗಾದ ಖರ್ಚು 2 ಟಿಬಿಯ ಹೊಸ ಡಿಸ್ಕ್‌ನದ್ದು ಮಾತ್ರ. ಅದು ಈಗ ದೊಡ್ಡಪ್ಪನ ಬಳಿಯೇ ಇದೆ. ಹಳೆಯ ಡಿಸ್ಕ್ ಮತ್ತು ಮ್ಯಾಪ್‌ಫೈಲ್ ನನ್ನ ಹತ್ತಿರ ಇವೆ. ಹೋದ ವಾರ ಕೊನೆಯಿಂದ ಮೊದಲಿಗೆ ಓದುವ ಆಯ್ಕೆ ಕೊಟ್ಟು ಮತ್ತೊಂದು ಸುತ್ತು ಓಡಿಸಿದಾಗ ಆ 37ರಲ್ಲಿ ಇನ್ನೂ ಮೂರು ಚಿತ್ರಗಳು ಪೂರ್ತಿಯಾದವು, ಅವುಗಳಲ್ಲೊಂದು ಮಡಿವಾಳ ಕೆರೆಯ ಬಣ್ಣದ ಕೊಕ್ಕರೆ.